ಬೂಚು ಬಿಚ್ಚಿದ ಬಾಟ್ಲಿ

“ಮಾರಿ ಆ ಕಡಿ ಮಾಡ್ರಿ ಸಾಹೇಬ್ರ. ನಿಮ್ಮ ಕಣ್ಣಿಗೆ ಬಡದ್ರ ನನ್ನ ಮ್ಯಾಲ ಇನ್ನೊಂದು ಕೇಸ್ ಬೀಳ್ತದ.”

ಸಬ್-ಇನ್‌ಸ್ಪೆಕ್ಟರ್ ಶೌಕತ ಅಲಿ ಮುಖ ತಿರುಗಿಸಿದ. ಕಿವಿ ಮಾತ್ರ ಬಾಟ್ಲಿಯ ಕಡೆಗೇ ಇತ್ತು.

ಫ್ಲೋರಿಬಾಯಿ ಬರಫದ ಗಡ್ಡೆ ಹಾಕಿದ ತಣ್ಣೀರಿನಿಂದ ಬಾಟ್ಲಿಯನ್ನು ಮೆಲ್ಲಗೆ ಎತ್ತಿ, ಒದ್ದೆ ಗೋಣಿತಟ್ಟಿನಲ್ಲಿ ಸುತ್ತಿ, ಮೇಲೆ ಹಳೆಯ ಕೌದಿಯ ತುಂಡು ಹೊದಿಸಿದಳು. ಎಡಗೈಯಲ್ಲಿ ಬಾಟ್ಲಿಯ ಕತ್ತು. ಬಲಗೈ ಹೆಬ್ಬೆರಳಿನಿಂದ ಬೂಚನ್ನು ಚೂರೇ ಚೂರು ಮೇಲಕ್ಕೆ ನೂಕಿ, ಅಲ್ಲೇ ಒತ್ತಿ ಹಿಡಿದಳು. ಬುಸ್ಸೆಂದು ಸದ್ದು ಹೊರಟಿತು. ಕೌದಿಯ ಅಂಚಿನಿಂದ ಕೆನ್ನೀಲಿ ನೊರೆ ಇಳಿದು ಆಕೆಯ ಮೊಣಕೈವರೆಗೂ ಹರಿಯಿತು.

“ಒಮ್ಮಿಗೇ ಬಿಡಬಾರ್ದು. ಮನಷ್ಯಾ ಉಸಿರು ಬಿಟ್ಟಂಗ ಬಿಡಬೇಕು,” ಎಂದಳು.

ಶನಿವಾರ ಮಧ್ಯಾಹ್ನ ವಾಡಿಯ ಈ ಮನೆಯ ಸಾಮಾನಿನ ಕೋಣೆಯಲ್ಲೇ ಆಕೆಯ ಬಾಡಿಗೆದಾರ ಭೀಮಶಾ ಕುತ್ತಿಗೆಗೆ ಗಾಜು ಹೊಕ್ಕು ಸತ್ತುಬಿದ್ದಿದ್ದ. ಶಹಾಬಾದಿನ ಕಲ್ಲುಗಣಿಯಿಂದ ಕಳುವಾದ ಸಿಡಿಮದ್ದಿನ ಬಗ್ಗೆ ಅವನು ಈ ದಿನ, ಸೋಮವಾರ, ಚಿತ್ತಾಪುರದ ಕೋರ್ಟಿನಲ್ಲಿ ಸಾಕ್ಷಿ ಹೇಳಬೇಕಿತ್ತು.

ಹೆಣ ಎತ್ತುವಾಗಲೇ ಇನ್ನೊಂದು ಬಾಟ್ಲಿಯ ಬೂಚು ಹಾರಿ, ಗೂಡಿನಲ್ಲಿದ್ದ ಕಂದೀಲಿನ ಗಾಜು ಒಡೆದಿತ್ತು. ಎಲ್ಲರೂ ಹೊರಗೆ ಓಡಿದ್ದರು. ಅಂದಿನಿಂದ ಕೋಣೆಗೆ ಬೀಗ. ಬಾಟ್ಲಿಗಳನ್ನು ತಣ್ಣಗೆ ಮಾಡದೆ ಒಳಗೆ ಹುಡುಕುವಂತಿರಲಿಲ್ಲ. ಅವನ್ನು ತಣ್ಣಗೆ ಮಾಡಬಲ್ಲವಳು ಅವನ್ನು ತುಂಬಿದವಳೊಬ್ಬಳೇ.

ಫ್ಲೋರಿಬಾಯಿ ರೈಲ್ವೆ ಗಾರ್ಡ್ ಒಬ್ಬನ ಹೆಂಡತಿ. ಗಂಡ ತೀರಿಹೋಗಿ ಬಹಳ ವರ್ಷವಾಗಿತ್ತು. ಹುಟ್ಟಿ ಬೆಳೆದದ್ದು ವಾಡಿಯಲ್ಲೇ. ಪ್ರತಿ ವರ್ಷ ಕ್ರಿಸ್‌ಮಸ್ಸಿಗೆ ಒಣದ್ರಾಕ್ಷಿಯ ವೈನು ಮಾಡುತ್ತಿದ್ದಳು. ಅವಳ ಬಳಗದವರು ಗುಂತಕಲ್ಲಿನಿಂದಲೂ ಬಂದು ಒಯ್ಯುತ್ತಿದ್ದರು.

“ಹೋದ ವರ್ಷ ಹಿಂಗ ಒಡದಿರ್ಲಿಲ್ಲಲ್ಲ?” ಶೌಕತ ಅಲಿ ಕೇಳಿದ.

“ಈ ಸಲ ಥಂಡಿ ಮೋಸ ಮಾಡ್ತು. ಜಾಡಿಯೊಳಗ ಗುಳ್ಳಿ ಏಳೂದು ನಿಂತಿತ್ತು. ಕೆಲಸ ಮುಗೀತು ಅಂತ ಬಾಟ್ಲಿಗೆ ತುಂಬಿ ಬೂಚು ಜಡದೆ. ಮುಗದಿರ್ಲಿಲ್ರಿ, ಥಂಡಿಗೆ ಮಲಗಿತ್ತು. ಸಕ್ರಿ ಹಂಗೇ ಉಳದಿತ್ತು. ಆಮ್ಯಾಲ ಕೇಕ್ ಸುಡ್ಲಿಕ್ಕೆ ಅಡಗಿಮನ್ಯಾಗ ಒಲಿ ಹಚ್ಚಿದೆ. ಈ ಗ್ವಾಡಿ ಅತ್ಲಾಗೇ ಒಲಿ ಅದ. ಗ್ವಾಡಿ ಬಿಸಿ ಆಯ್ತು, ಒಳಗಿದ್ದದ್ದು ಎಚ್ಚರಾತು. ಗ್ಯಾಸಿಗೆ ಹೋಗ್ಲಿಕ್ಕೆ ಹಾದಿ ಇಲ್ಲ.”

“ಈಗೇನು, ಚೆಲ್ತೀರೇನು?”

“ಯಾಕ ಚೆಲ್ಲಬೇಕು? ಥಂಡ ಮಾಡಿ ಗ್ಯಾಸ್ ಬಿಡೂದು, ತಿರುಗಿ ಜಾಡಿಗೆ ಸುರುವೂದು. ಬಾಯಿಗೆ ಅರಬಿ ಕಟ್ಟಿ ಬೆಚ್ಚಗಿಟ್ರ ಉಳದ ಸಕ್ರಿ ತಾನೇ ತಿಂದು ಮುಗಸ್ತದ. ಪೂರಾ ಸುಮ್ಮನಾದ ಮ್ಯಾಲ ಮತ್ತ ಬಾಟ್ಲಿಗೆ. ಅಲ್ಲೀತನಕ ಅಲುಗಾಡಸಬಾರ್ದು, ಬಿಸಲಿಗೆ ಒಯ್ಯಬಾರ್ದು, ಅಷ್ಟೇ.”

ಹಿತ್ತಲ ಬಾಗಿಲಲ್ಲಿ ಜಮಾದಾರ ಸೂಗಪ್ಪ ಮೂಗಿಗೆ ಕರವಸ್ತ್ರ ಹಿಡಿದು ನಿಂತಿದ್ದ. ಠಾಣೆಗೆ ಹೊಸಬನಾದ ಶೌಕತ ಅಲಿಗೆ ಊರಿನ ಸಂದಿಗೊಂದಿ ತೋರಿಸಿದವನು ಅವನೇ. ಹೆಡ್ ಕಾನ್‌ಸ್ಟೇಬಲ್ ಆಗಿ ವಾಡಿಯಲ್ಲೇ ಬೇರು ಬಿಟ್ಟಿದ್ದ.

“ಇದರಾಗ ನೋಡೂದೇನದ್ರಿ ಸಾಹೇಬ್ರ? ಬಾಟ್ಲಿ ಒಡದದ, ಗಾಜು ಬಡದದ, ಮನಷ್ಯಾ ಸತ್ತಾನ. ಅಪಘಾತ ಅಂತ ಬರದು ಕಳ್ಸಿದ್ರ ಆಯ್ತು.”

“ಒಳಗ ಬರ್ರಿ ಜಮಾದಾರ್ರ. ಬ್ಯಾಟರಿ ಹಿಡೀರಿ.”

“ವಾಸನಿ ತಡ್ಯಾಂಗಿಲ್ರಿ. ನಾ ಲಿಂಗ ಕಟ್ಟಿದಾವ.”

“ನಾನೂ ಕುಡಿಯಾವಲ್ಲ. ಮೂಗಿನಿಂದ ಯಾರಿಗೂ ನಶಾ ಏರಾಂಗಿಲ್ಲ.”

ಸೂಗಪ್ಪ ನಕ್ಕ. ಒಳಗೆ ಬರಲಿಲ್ಲ.

ಕೊನೆಯ ಬಾಟ್ಲಿಯೂ ಉಸಿರು ಬಿಟ್ಟು ಜಾಡಿಗೆ ಸೇರಿತು. ಫ್ಲೋರಿಬಾಯಿ ಜಾಡಿಯ ಬಾಯಿಗೆ ಬಿಳಿ ಅರಿವೆ ಕಟ್ಟಿದಳು. ಆಮೇಲೆ ಶೌಕತ ಅಲಿ ತಾನೇ ಬ್ಯಾಟರಿ ಹಿಡಿದು ಮೊಣಕಾಲೂರಿದ.

ನೆಲಕ್ಕೆ ಶಹಾಬಾದಿ ಫರ್ಸಿಕಲ್ಲು ಹಾಸಿತ್ತು. ಅದರ ಮೇಲೆ ಒಣಗಿದ ರಕ್ತ, ಒಣಗಿದ ವೈನು. ಯಾವುದು ಎಲ್ಲಿ ಮುಗಿಯುತ್ತದೆಂದು ಹೇಳುವುದು ಕಷ್ಟ. ಗಾಜಿನ ಚೂರುಗಳನ್ನು ಒಂದೊಂದಾಗಿ ಆರಿಸಿ ಕಾಗದದ ಮೇಲಿಟ್ಟ. ಕಂದೀಲಿನ ತೆಳು ಗಾಜು ಬಿಟ್ಟರೆ ಎಲ್ಲಾ ಒಂದೇ ಬಣ್ಣ, ಒಂದೇ ದಪ್ಪ. ಒಡೆದದ್ದು ಒಂದೇ ಬಾಟ್ಲಿ. ಅದರ ಕತ್ತು ಮಾತ್ರ ಇಡಿಯಾಗಿ ಉಳಿದಿತ್ತು, ಮುರಿದ ಕಡೆ ಈಚಲ ಮುಳ್ಳಿನ ಹಾಗೆ ಚೂಪು.

ಫ್ಲೋರಿಬಾಯಿ ಅದನ್ನು ನೋಡಿದಳು. ಬಗ್ಗಿ ಮತ್ತೊಮ್ಮೆ ನೋಡಿದಳು.

“ಬೂಚು ಎಲ್ಲಿ?”

“ಯಾಕ?”

“ಇದರ ಬಾಯಾಗ ಬೂಚು ಇರಬೇಕಲ್ಲ ಸಾಹೇಬ್ರ. ಗ್ಯಾಸಿಗೆ ಬೂಚು ಹಾರಿದ್ರ ಬಾಟ್ಲಿ ಉಳೀತದ. ಬೂಚು ಬಿಗಿ ಇದ್ದು ಬಾಟ್ಲಿ ಒಡದ್ರ, ಬೂಚು ಬಾಯಾಗೇ ಕುಂತಿರ್ತದ. ಎರಡೂ ಕೂಡಿ ಆಗಾಂಗಿಲ್ಲ.”

ಶೌಕತ ಅಲಿ ಕತ್ತನ್ನು ಬೆಳಕಿಗೆ ಹಿಡಿದ. ಒಳಗೆ ಏನೂ ಇರಲಿಲ್ಲ. ಹೊಟ್ಟೆ ನೆಲಕ್ಕೆ ಹಚ್ಚಿ ಮಲಗಿ, ಬಾಟ್ಲಿ ಇಡುವ ಕಟ್ಟಿಗೆಯ ಕಪಾಟಿನ ಅಡಿಗೆ ಬ್ಯಾಟರಿ ಬಿಟ್ಟ. ಜೇಡರ ಬಲೆ, ಒಂದು ಒಣ ಮೆಣಸಿನಕಾಯಿ, ಗೋಡೆಯ ಮೂಲೆಯಲ್ಲಿ ಬೂಚು.

ಬೂಚಿನ ನಡುಮಧ್ಯೆ, ಬೂಚು ಕೀಳುವ ತಿರುಪು ಹೊಕ್ಕ ತೂತಿತ್ತು.

ಶೌಕತ ಅಲಿ ಅದನ್ನು ಫ್ಲೋರಿಬಾಯಿಯ ಮುಂದೆ ಹಿಡಿದ.

“ಇದನ್ನ ಯಾರೋ ತಗದಾರ,” ಎಂದಳು ಫ್ಲೋರಿಬಾಯಿ. “ತಗದ ಬಾಟ್ಲಿ ಒಡಿಯಾಂಗಿಲ್ಲ. ಒಳಗ ಗ್ಯಾಸೇ ಉಳದಿರಂಗಿಲ್ಲಲ್ಲ.”

“ತಾನಾಗಿ ಒಡಿಯಾಂಗಿಲ್ಲ,” ಎಂದ ಶೌಕತ ಅಲಿ.

ಡಾಕ್ಟರರು ನಿನ್ನೆ ಹೇಳಿದ್ದು ಈಗ ಅರ್ಥವಾಯಿತು. ಭೀಮಶಾನ ಮೈಮೇಲೆ ಗಾಯ ಒಂದೇ. ಬಲಗಡೆ ಕುತ್ತಿಗೆಯಲ್ಲಿ, ಆಳವಾದದ್ದು. ಮುಖದ ಮೇಲೆ ಗೀರಿಲ್ಲ, ಕೈಯಲ್ಲಿ ಚೂರಿಲ್ಲ. ಬಾಟ್ಲಿ ಸಿಡಿದಿದ್ದರೆ ಗಾಜು ಅಷ್ಟು ನಿಯತ್ತಿನಿಂದ ಒಂದೇ ಕಡೆ ಹೋಗುವುದಿಲ್ಲ.

“ತಿರುಪು ಎಲ್ಲದ?”

“ಅಡಗಿಮನಿ ಮೊಳಿಗೆ ಹಾಕಿರ್ತೀನಿ.” ಆಕೆ ಹೋಗಿ ಬಂದಳು. “ಇಲ್ರಿ.”

“ಭೀಮಶಾ ಕುಡೀತಿದ್ದನೇನು?”

“ಮೂಸಿನೂ ನೋಡಿದಾವಲ್ಲ.”

“ಹಂಗಾದ್ರ ಬ್ಯಾರೆ ಯಾರಿಗೋ ತಗದಾನ. ಅವನ ಕಡಿ ಯಾರು ಬರ್ತಿದ್ರು?”

“ಯಾರೂ ಇಲ್ರಿ. ಹೆಂಡ್ತಿ ಇಲ್ಲ, ಮಕ್ಕಳಿಲ್ಲ, ಒಂಟಿ ಮನಷ್ಯಾ.” ಕೇಳಿದ್ದಕ್ಕಿಂತ ಹೆಚ್ಚು ಹೇಳಿದ್ದಳು. ಹೇಳುವಾಗ ಜಾಡಿಯ ಬಾಯಿಗೆ ಕಟ್ಟಿದ ಅರಿವೆಯನ್ನು ಬಿಚ್ಚಿ ಮತ್ತೆ ಕಟ್ಟಿದಳು.

ಶೌಕತ ಅಲಿ ಅದನ್ನು ಗಮನಿಸಿದ. “ಬಾಟ್ಲಿ ಹಿಂಗಾಗ್ಯಾವ ಅಂತ ಯಾರಿಗೆ ಗೊತ್ತಿತ್ತು?”

“ಶುಕ್ರವಾರ ಒಂದು ಬೂಚು ಹಾರ್ತು. ಬರಫ ತರ್ಲಿಕ್ಕೆ ಭೀಮಶಾನ್ನ ಸೋಡಾ ಫ್ಯಾಕ್ಟ್ರಿಗೆ ಕಳಸಿದ್ದೆ. ಬಾಬುಮಿಯಾಗ ಗೊತ್ತಿದ್ದೀತು.”

*

ಬಾಬುಮಿಯಾನ ಸೋಡಾ ಫ್ಯಾಕ್ಟರಿ ಎಂದರೆ ಸ್ಟೇಷನ್ ರಸ್ತೆಯ ತಗಡಿನ ಶೆಡ್ಡು. ಆತ ಗೋಲಿ ಬಾಟ್ಲಿಗಳನ್ನು ಯಂತ್ರಕ್ಕೆ ಸಿಕ್ಕಿಸಿ ಗ್ಯಾಸ್ ತುಂಬುತ್ತಿದ್ದ. ಸೂಗಪ್ಪನನ್ನು ರಸ್ತೆಯಲ್ಲೇ ಬಿಟ್ಟು ಶೌಕತ ಅಲಿ ಒಬ್ಬನೇ ಒಳಗೆ ಹೋದ.

“ಹೌದ್ರಿ, ಭೀಮಶಾ ಬಂದಿದ್ದ. ಫ್ಲೋರಿಬಾಯಿ ಬಾಟ್ಲಿ ಒಡೀಲಿಕತ್ತಾವ, ಬರಫ ಕೊಡ್ರಿ ಅಂದ. ನಾನೇ ಹೇಳಿದೆ, ಆಕಿ ತುಂಬಿದ್ದು ಶರಬತ್ತಿನ ಬಾಟ್ಲಿ, ತೆಳ್ಳಗಿರ್ತಾವ, ಇಂಥಾ ಜೋರು ತಡ್ಯಾಂಗಿಲ್ಲ ಅಂತ. ನಮ್ಮ ಬಾಟ್ಲಿ ನೋಡ್ರಿ, ಎಷ್ಟು ದಪ್ಪ ಅದಾವ.”

“ಬ್ಯಾರೆ ಯಾರಿಗಾದ್ರೂ ಹೇಳೀರೇನು?”

“ನನಗ್ಯಾಕ್ರಿ ಅವರ ಮನಿ ಮಾತು? ಅವರಿಗೆ ಸೋಡಾ ಕೊಟ್ಟೆ, ಕುಡದು ಹೋದ್ರು.”

“ಅವರಿಗೆ?”

“ಇಬ್ಬರಿದ್ರಲ್ರಿ. ಸಂಗಾಟ ಹೆಣಮಗಳಿದ್ದಳು. ಸೆರಗು ಹೊತ್ತಿದ್ದಳು, ಕೈಯಾಗ ಗಂಟಿತ್ತು, ಆಗೇ ರೈಲು ಇಳದಂಗ ಕಾಣ್ತಿತ್ತು. ಯಾರಪ್ಪ ಅಂತ ಕೇಳಿದ್ರ ಮೊದಲ ಸುಮ್ಮನಿದ್ದ. ಆಮ್ಯಾಲ ಮೆಲ್ಲಗ ಹೇಳಿದ, ನನ್ನ ಮನಿಯಾಕಿ, ಚಿಂಚೋಳಿಯಿಂದ ಬಂದಾಳ ಅಂತ. ಯಾರಿಗೂ ಹೇಳಬ್ಯಾಡ್ರಿ ಚಾಚಾ ಅಂದ.” ಬಾಬುಮಿಯಾ ಯಂತ್ರದ ಹಿಡಿ ಬಿಟ್ಟ. “ಸತ್ತಾವನ ಮಾತು ಹೇಳಿಬಿಟ್ಟೆ. ತಪ್ಪೇನ್ರಿ?”

“ಹೇಳಿದ್ದು ಚಲೋ ಆಯ್ತು.”

ಹೊರಗೆ ಬಂದಾಗ ಸೂಗಪ್ಪ ಸೈಕಲ್ಲಿಗೆ ಒರಗಿ ನಿಂತಿದ್ದ.

“ಜಮಾದಾರ್ರ, ಸ್ಟೇಷನ್ನಿಗೆ ಹೋಗಿ ಚಿಂಚೋಳಿ ಠಾಣೆಗೆ ಟ್ರಂಕ್ ಕಾಲ್ ಹಚ್ಚಿಸ್ರಿ. ಭೀಮಶಾನ ಹೆಂಡ್ತಿ ಮನ್ಯಾಗ ಅದಾಳೇನು, ಎಂದು ಹೊಂಟಾಳ, ಕೇಳ್ರಿ.”

“ಹೆಂಡ್ತಿ?” ಸೂಗಪ್ಪನ ಕೈ ಸೈಕಲ್ಲಿನ ಸೀಟಿನ ಮೇಲೇ ಇತ್ತು. “ಅವಗ ಹೆಂಡ್ತಿ ಇದ್ದಳೇನ್ರಿ?”

“ಕೇಳಿದ್ರ ತಿಳೀತದ.”

ಸೂಗಪ್ಪ ಸೈಕಲ್ ಏರಿ ಹೋದ.

*

ಫ್ಲೋರಿಬಾಯಿ ಹಿತ್ತಲ ಕಟ್ಟೆಯ ಮೇಲೆ ಖಾಲಿ ಬಾಟ್ಲಿಗಳನ್ನು ತೊಳೆದು ಬೋರಲು ಹಾಕುತ್ತಿದ್ದಳು. ಶೌಕತ ಅಲಿ ಎದುರಿಗೆ ಕುಳಿತ.

“ನಾ ಕೇಳಿದಾಗ ಭೀಮಶಾ ಒಂಟಿ ಅಂದ್ರಿ.”

“ಹೌದು.”

“ಅವನ ಹೆಂಡ್ತಿ ಶುಕ್ರವಾರ ಈ ಮನಿಗೆ ಬಂದಾಳ.”

ಬಾಟ್ಲಿ ತಿಕ್ಕುವ ಕೈ ನಿಂತಿತು.

“ಬಾಯಿ, ಕೇಳ್ರಿ. ಬಾಟ್ಲಿ ತಾನೇ ಒಡದದ ಅಂದ್ರ ತಪ್ಪು ನಿಮ್ಮ ಮ್ಯಾಲ ಬರ್ತದ. ನಿಷ್ಕಾಳಜಿಯಿಂದ ಒಬ್ಬನ ಜೀವ ತಗದೀರಿ ಅಂತ ಕೇಸ್ ಆಗ್ತದ. ಯಾರೋ ಕೊಂದಾರ ಅಂದ್ರ ನೀವು ಪಾರಾಗ್ತೀರಿ. ಆ ಬೂಚು ನೋಡಿದ ಮ್ಯಾಲೂ ನೀವು ಸುಳ್ಳು ಹೇಳೀರಿ. ಯಾರನ್ನ ಉಳಸ್ಲಿಕತ್ತೀರಿ? ಆಕಿನೇ ಕೊಂದಾಳೇನು?”

“ಇಲ್ಲ!” ಧ್ವನಿ ಏರಿತು. ಬೇಲಿಯ ಮೇಲಿದ್ದ ಗುಬ್ಬಿಗಳು ಹಾರಿದವು. ಆಕೆ ಮತ್ತೆ ತಗ್ಗಿಸಿದಳು. “ಇಲ್ರಿ. ಆಕಿ ಅಲ್ಲ.”

“ಹಂಗಾದ್ರ ಯಾಕ ಮುಚ್ಚಿಟ್ರಿ?”

“ನಿಮ್ಮ ಅಂಗಿ ನೋಡಿ.”

ಶೌಕತ ಅಲಿ ತನ್ನ ಖಾಕಿ ಅಂಗಿಯನ್ನು ನೋಡಿಕೊಂಡ.

“ಶನಿವಾರ ನಾ ಶಹಾಬಾದಕ್ಕ ಸಂತಿಗೆ ಹೋಗಿದ್ದೆ. ತಿರುಗಿ ಬಂದು ನೋಡಿದ್ರ ಇವ ಅಲ್ಲಿ ಬಿದ್ದಾನ. ಆಕಿ ಅಡಗಿಮನ್ಯಾಗ ಹಿಟ್ಟಿನ ಡಬ್ಬಿ ಹಿಂದ ಕುಂತಾಳ. ಎಷ್ಟು ಕೇಳಿದ್ರೂ ಒಂದೇ ಮಾತು, ಖಾಕಿ, ಖಾಕಿ. ಈ ಊರಾಗ ಖಾಕಿ ಯಾರು ಹಾಕ್ಕೊಳ್ಳಾಂಗಿಲ್ಲ ಹೇಳ್ರಿ? ರೈಲ್ವೆದವರು, ಟಪಾಲಿನವ, ಬಸ್ಸಿನವರು, ನೀವು. ಸಾಕ್ಷಿ ಹೇಳಿದ್ರ ಮನಿ ಮಂದಿನ್ನ ಬಿಡಾಂಗಿಲ್ಲ ಅಂತ ಭೀಮಶಾಗ ಮೊದಲೇ ಧಮಕಿ ಇತ್ತು. ಅದಕ್ಕೇ ಹೆಂಡ್ತಿ ಇಲ್ಲ ಅಂತ ಊರಿಗೆಲ್ಲಾ ಹೇಳಿಕೊಂಡಿದ್ದ. ಚಿಂಚೋಳ್ಯಾಗ ಆಕಿ ಒಬ್ಬಾಕಿ ಇರೂದು ಬ್ಯಾಡ ಅಂತ ಇಲ್ಲಿ ಕರಕೊಂಡು ಬಂದ. ನಾ ಯಾರನ್ನ ನಂಬಲಿ?”

ಅವಳ ಜಾಗದಲ್ಲಿದ್ದರೆ ತಾನೂ ನಂಬುತ್ತಿರಲಿಲ್ಲ ಎಂದು ಶೌಕತ ಅಲಿಗೆ ಅನ್ನಿಸಿತು.

“ನಾ ಆ ಮನಷ್ಯಾ ಆಗಿದ್ರ,” ಎಂದ ಮೆಲ್ಲಗೆ, “ಆ ಬೂಚನ್ನ ಹುಡುಕಿ ನಿಮ್ಮ ಮುಂದ ಹಿಡೀತಿರ್ಲಿಲ್ಲ. ಕಿಸೆದಾಗ ಹಾಕ್ಕೊಂಡು, ಅಪಘಾತ ಅಂತ ಬರದು ಎದ್ದು ಹೋಗ್ತಿದ್ದೆ.”

ಫ್ಲೋರಿಬಾಯಿ ಅವನ ಮುಖವನ್ನೇ ನೋಡಿದಳು. ಕೈಯನ್ನು ಲಂಗಕ್ಕೆ ಒರೆಸಿಕೊಂಡು ಎದ್ದಳು.

“ಬರ್ರಿ. ನೀವೊಬ್ರೇ.”

*

ಓಣಿಯ ಆ ಬದಿಗೆ ಸೂಲಗಿತ್ತಿ ಜೈತುನ್ಬೀಯ ಮನೆ. ಗಂಡಸರು ಹೊಸ್ತಿಲು ದಾಟದ ಮನೆಯದು. ಅಲ್ಲಿ ಯಾರೂ ಹುಡುಕಲಾರರೆಂದೇ ಫ್ಲೋರಿಬಾಯಿ ಶನಿವಾರ ಅವಳನ್ನು ಅಲ್ಲಿಗೆ ದಾಟಿಸಿದ್ದಳು. ಜೈತುನ್ಬೀ ಬಾಗಿಲಲ್ಲಿ ಅಡ್ಡ ನಿಂತು ಶೌಕತ ಅಲಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

“ಹುಡುಗಿ ಅಂಜ್ಯಾಳ. ಜೋರು ಮಾಡಿದ್ರ ಹೊರಗ ಹಾಕ್ತೀನಿ, ಪೊಲೀಸ್ ಇರ್ರಿ, ಯಾರೇ ಇರ್ರಿ.”

“ಜೋರು ಮಾಡಾಂಗಿಲ್ಲ ಖಾಲಾ.”

ಒಳಗೆ ಚಾಪೆಯ ಮೇಲೆ ಇಪ್ಪತ್ತೈದರ ಆಸುಪಾಸಿನ ಹೆಣ್ಣು ಕುಳಿತಿದ್ದಳು. ಹಣೆಯ ಕುಂಕುಮ ಅಳಿಸಿತ್ತು, ಕೈಯಲ್ಲಿ ಬಳೆಗಳು ಇನ್ನೂ ಇದ್ದವು. ಖಾಕಿ ಕಂಡದ್ದೇ ಗೋಡೆಗೆ ಸರಿದಳು. ಫ್ಲೋರಿಬಾಯಿ ಪಕ್ಕ ಕುಳಿತು ಬೆನ್ನ ಮೇಲೆ ಕೈಯಿಟ್ಟಳು.

“ಲಲಿತಾಬಾಯಿ, ಇವರು ಅಲ್ಲ. ಹೇಳವ್ವ.”

ಶೌಕತ ಅಲಿ ದೂರದಲ್ಲೇ, ನೆಲದ ಮೇಲೆ ಕುಳಿತ. “ನಿಮಗ ತಿಳದಷ್ಟು ಹೇಳ್ರಿ ಅಕ್ಕಾ. ತಿಳೀದಿದ್ದದ್ದು ಬ್ಯಾಡ.”

ಲಲಿತಾಬಾಯಿ ಮೆಲ್ಲಗೆ ಬಾಯಿ ಬಿಟ್ಟಳು. ಶನಿವಾರ ಊಟದ ಹೊತ್ತಿಗೆ ಅವಳು ಅಡಿಗೆಮನೆಯಲ್ಲಿ ಹಿಟ್ಟು ನಾದುತ್ತಿದ್ದಳು. ಹಿತ್ತಲಿಗೆ ಯಾರೋ ಬಂದರು. ಒಳಗೇ ಇರು ಎಂದು ಗಂಡ ಕೈಸನ್ನೆ ಮಾಡಿ, ಮೊಳೆಯ ಮೇಲಿದ್ದ ತಿರುಪು ತೆಗೆದುಕೊಂಡು ಹೋದ. ಆಮೇಲೆಲ್ಲಾ ಗೋಡೆಯಾಚೆಯಿಂದ ಕೇಳಿದ್ದು.

“ಹಬ್ಬ ಬಂತು, ಒಂದು ಬಾಟ್ಲಿ ತೆಗಿಯಪ್ಪ ಅಂದ ಆತ. ಭಾಳ ಸಲಗಿ ಇದ್ದಂಗ ಮಾತಾಡ್ತಿದ್ದ. ಇವರು ಹೇಳಿದ್ರು, ಮೆಲ್ಲಗ್ರಿ, ಬಾಟ್ಲಿ ತಾವೇ ಒಡೀಲಿಕತ್ತಾವ, ಯಾರಿಗಾದ್ರೂ ಬಡದೀತು ಅಂತ. ಅದಕ್ಕ ಆತ ನಕ್ಕ.” ಅವಳು ಫ್ಲೋರಿಬಾಯಿಯ ಕೈ ಹಿಡಿದಳು. “ಖರೆ ಏನಪಾ ಅಂತ ಎರಡು ಸಲ ಕೇಳಿದ. ಆಮ್ಯಾಲ ಬಾಟ್ಲಿ ಒಡದ ಸಪ್ಪಳಾತು. ಇವರ ದನಿ ಬರ್ಲೇ ಇಲ್ಲ.”

“ಮುಖ ನೋಡೀರೇನು?”

“ಇಲ್ರಿ. ಕಿಡಕಿ ಸಂದಿನಾಗ ಬೆನ್ನು ಕಾಣ್ತು. ಖಾಕಿ ಅಂಗಿ, ಅಷ್ಟೇ.”

“ದನಿ ಕೇಳಿದ್ರ ಗುರ್ತು ಹಿಡೀತೀರಾ?”

“ಸಾಯೂತನಕ ಮರ್ಯಾಂಗಿಲ್ರಿ.”

ಶೌಕತ ಅಲಿ ಮನಸ್ಸಿನಲ್ಲೇ ಖಾಕಿ ತೊಟ್ಟವರನ್ನೆಲ್ಲ ಸಾಲಾಗಿ ನಿಲ್ಲಿಸತೊಡಗಿದ. ಗಣಿಯ ಕಾವಲುಗಾರ, ಗೂಡ್ಸ್ ಶೆಡ್ಡಿನ ಪೋರ್ಟರು, ಬಸ್ಸಿನ ಕಂಡಕ್ಟರ್. ಲಲಿತಾಬಾಯಿಯನ್ನು ಪರದೆಯ ಹಿಂದೆ ಕೂರಿಸಿ, ಒಬ್ಬೊಬ್ಬರನ್ನೂ ಕರೆಸಿ ಮಾತಾಡಿಸಬೇಕು.

ಅಷ್ಟರಲ್ಲಿ ಓಣಿಯಲ್ಲಿ ಸೈಕಲ್ಲಿನ ಸ್ಟ್ಯಾಂಡು ಎಳೆದ ಸದ್ದಾಯಿತು. ಎದುರಿಗಿದ್ದ ಫ್ಲೋರಿಬಾಯಿಯ ಮನೆಯ ಮುಂದೆ ಯಾರೋ ಗಟ್ಟಿಯಾಗಿ ಕೂಗಿದರು.

“ಸಾಹೇಬ್ರ! ಎಲ್ಲಿದ್ದೀರ್ರಿ? ಚಿಂಚೋಳಿಯಿಂದ ಸುದ್ದಿ ಬಂತ್ರಿ. ಭೀಮಶಾಗ ಹೆಂಡ್ತಿನೇ ಇಲ್ಲಂತ! ಲಗ್ನನೇ ಆಗಿಲ್ಲಂತ್ರಿ!”

ಲಲಿತಾಬಾಯಿ ಕೂಗಲಿಲ್ಲ. ಎರಡೂ ಕೈಗಳಿಂದ ತನ್ನ ಬಾಯನ್ನು ತಾನೇ ಮುಚ್ಚಿಕೊಂಡಳು. ಕೈಗಳ ಮೇಲಿನ ಕಣ್ಣುಗಳು ಶೌಕತ ಅಲಿಯನ್ನು ಹುಡುಕಿ, ಅವನಲ್ಲಿ ನೆಟ್ಟವು.

ವಾಡಿಯಿಂದ ಚಿಂಚೋಳಿಗೆ ಹಚ್ಚಿದ ಟ್ರಂಕ್ ಕಾಲ್ ಇಷ್ಟು ಬೇಗ ಎಂದೂ ಸಿಕ್ಕಿದ್ದಿಲ್ಲ ಎಂಬುದು ಶೌಕತ ಅಲಿಗೆ ಆಗ ಹೊಳೆಯಿತು.

ಜೈತುನ್ಬೀ ಸದ್ದಾಗದಂತೆ ಬಾಗಿಲ ಅಗಳಿ ಹಾಕಿದಳು. ಹೊರಗೆ ಹೆಜ್ಜೆಗಳು ಫ್ಲೋರಿಬಾಯಿಯ ಹಿತ್ತಲಿಗೆ ಹೋದವು, ತಿರುಗಿ ಬಂದವು, ಓಣಿಯ ನಡುವೆ ತುಸು ತಡೆದವು.

ಒಳಗೆ ಬರುವಾಗ ತನ್ನ ಬೂಟುಗಳನ್ನು ಹೊಸ್ತಿಲಾಚೆ ಬಿಟ್ಟದ್ದು ಶೌಕತ ಅಲಿಗೆ ನೆನಪಾಯಿತು.

ಹೆಜ್ಜೆಗಳು ಈ ಕಡೆಗೆ ತಿರುಗಿದವು. ಬೂಟುಗಳ ಮುಂದೆ ಬಂದು ನಿಂತವು.

“ಸಾಹೇಬ್ರ,” ಎಂದ ಸೂಗಪ್ಪ, ಈ ಸಲ ಬಹಳ ಮೆಲ್ಲಗೆ. “ಒಳಗ ಯಾರದಾರ್ರಿ?”